ಕೀಳಬಾರದಿದ್ದ ಬ್ಯಾಟರಿ

ನಾಗರತ್ನತ್ತೆ ಬಳೆ ಬಿಚ್ಚಿ ಕಿಟಕಿಯ ಕೊಕ್ಕೆಗೆ ನೇತುಹಾಕಿದರೆಂದರೆ ಮನೆಯಲ್ಲಿ ಯಾರೂ ಅವರನ್ನು ಮಾತನಾಡಿಸುವಂತಿರಲಿಲ್ಲ. ಆಮೇಲೆ ಎಡಗೈಯಲ್ಲಿ ಕಿಟಕಿಯ ಕಬ್ಬಿಣದ ಸರಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡುವರು, ಮೈಯಲ್ಲಿರುವ ಅಷ್ಟಿಷ್ಟು ಕರೆಂಟೂ ಇಳಿದುಹೋಗಲಿ ಎಂದು. ಆ ಕರೆಂಟು ತಗುಲಿದರೆ ಕೆಟ್ಟುಹೋಗುವ ವಿಡಿಯೋ ಗೇಮ್ ಬೋರ್ಡಿಗೆ ಅಷ್ಟಾದ ಮೇಲೆಯೇ ಕೈ. ಕರೆಂಟು ಇಳಿಯುತ್ತಿತ್ತೋ ಏನೋ, ಸಿಟ್ಟು ಇಳಿದದ್ದನ್ನು ಮಾತ್ರ ನಾನು ಕಾಣೆ.

ಅತ್ತೆ ನನ್ನ ಅಪ್ಪನ ತಂಗಿ. ಅಗ್ರಹಾರದ ಮನೆಯ ಮುಂದಿನ ಕೋಣೆಯಲ್ಲಿ ಅವರೂ ಮಾವನೂ ವಿಡಿಯೋ ಗೇಮ್ ಅಂಗಡಿ ನಡೆಸಿದವರು. ಕಾಸು ಹಾಕಿ, ನಿಂತುಕೊಂಡು ಆಡುವ, ಬೀರುವಿನಷ್ಟು ಎತ್ತರದ ಯಂತ್ರಗಳು. ಜನ ಮೊಬೈಲಿಗೆ ಬಿದ್ದ ಮೇಲೆ ಅಂಗಡಿ ಮುಚ್ಚಿತು, ಮಾವ ತೀರಿಕೊಂಡರು, ಮರದ ಪೆಟ್ಟಿಗೆಗಳಿಗೆ ಗೆದ್ದಲು ಹಿಡಿಯಿತು. ಅತ್ತೆ ಒಂದು ಪೆಟ್ಟಿಗೆ ಉಳಿಸಿಕೊಂಡರು. ಆಟವೆಲ್ಲ ಅಡಗಿರುವ ಒಳಗಿನ ಬೋರ್ಡುಗಳನ್ನಂತೂ ಒಂದನ್ನೂ ಬಿಡಲಿಲ್ಲ. ಬಿಡುವುದಿರಲಿ, ಊರೆಲ್ಲ ಹುಡುಕಿ ಇನ್ನಷ್ಟು ಕೊಳ್ಳತೊಡಗಿದರು.

ಒಮ್ಮೆ ನನ್ನ ಸ್ಕೂಟರಿನಲ್ಲಿ ಉದಯಗಿರಿಯ ಗುಜರಿ ಅಂಗಡಿಗೆ ಹೋದೆವು. ಅಲ್ಲಿ ಬೋರ್ಡುಗಳನ್ನು ಒಂದರ ಮೇಲೊಂದು ಅಡಕಿ ಗೋಣಿಚೀಲಕ್ಕೆ ತುಂಬಿದ್ದರು.

"ಹಪ್ಪಳ ಏನ್ರೀ ಇದು, ಇಂಗೆ ತುಂಬಿದ್ದೀರಲ್ಲ?" ಅತ್ತೆಯ ದನಿಗೆ ಪಕ್ಕದ ಗ್ಯಾರೇಜಿನವರು ಇಣುಕಿದರು.

"ಹಾಳಾಗಿರೋ ಮಾಲಮ್ಮ. ಕಾಯ್ಸಿದ್ರೆ ಚೂರು ಚಿನ್ನ ಬತ್ತದಂತೆ," ಎಂದ ಅಂಗಡಿಯವನು.

"ನಿಮ್ ಹಲ್ಲಲ್ಲೂ ಚಿನ್ನ ಐತೆ. ಕಾಯ್ಸಿ ನೋಡ್ಲಾ?"

ಅವನಿಗೆ ನಿಜಕ್ಕೂ ಚಿನ್ನದ ಹಲ್ಲಿತ್ತು. ಬಾಯಿ ಮುಚ್ಚಿಕೊಂಡ. ಅತ್ತೆ ಬೋರ್ಡುಗಳನ್ನು ಮೂಸಿ, ಸುಟ್ಟ ವಾಸನೆಯವನ್ನು ಬದಿಗಿಟ್ಟು, ಉಳಿದವನ್ನು ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿ ತಂದರು.

ಮನೆಗೆ ಬಂದ ಬೋರ್ಡಿಗೆ ಮೊದಲು ಆಗಬೇಕಾದ್ದು ಬ್ಯಾಟರಿ ಕೀಳುವುದು. ಬ್ಯಾಟರಿ ಇಲ್ಲದೆಯೂ ನಡೆಯುವ ಬೋರ್ಡುಗಳೇ ಹೆಚ್ಚು. ಹಳೆಯದನ್ನು ಹಾಗೇ ಬಿಟ್ಟರೆ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರುಗಟ್ಟಿದ ಕಡೆ ವಿನಿಗರ್ ಹಚ್ಚಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತ, ಅತ್ತೆ ತಮ್ಮ ಮೈದುನ ಶಿವಣ್ಣನ ಮೇಲೆ ಅರಚುತ್ತಿದ್ದರು: "ಮೊದ್ಲು ಬ್ಯಾಟ್ರಿ ಕೀಳು, ಆಮೇಲ್ ಮಾತಾಡು!" ಶಿವಣ್ಣ ಮಾವ ಎದುರು ಮಾತಾಡುವವರೇ ಅಲ್ಲ. ತಲೆ ತಗ್ಗಿಸಿ ಕಿತ್ತುಕೊಡುತ್ತಿದ್ದರು.

ಒಂದೇ ಒಂದು ಬೋರ್ಡಿಗೆ ಮಾತ್ರ ಇದು ಸಲ್ಲದು. ಮಾವ ಕೊನೆಯದಾಗಿ ತಂದ ವಿಮಾನದ ಆಟ ಅದು. ಯಾರೂ ನಕಲು ಮಾಡದಿರಲಿ ಎಂದು, ಬ್ಯಾಟರಿ ಇರುವಷ್ಟು ಕಾಲ ಮಾತ್ರ ಆಟ ಉಳಿಯುವ ಹಾಗೆ ಕಂಪನಿಯವರು ಮಾಡಿಟ್ಟಿದ್ದರು. ಒಂದು ಕ್ಷಣ ಬ್ಯಾಟರಿ ತಪ್ಪಿದರೂ ಆಟ ಹೋಯಿತು. ಅದನ್ನು ಮತ್ತೆ ತುಂಬಬಲ್ಲವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಹೀಗಾಗಿ ಅತ್ತೆ ಹೊಸ ಬ್ಯಾಟರಿಯನ್ನು ನೀಲಿ ತಂತಿಯಿಂದ ಬೆಸೆದಾದ ಮೇಲೆಯೇ ಹಳೆಯದನ್ನು ತೆಗೆಯುತ್ತಿದ್ದರು. "ಮಾಡ್ದೋರೇ ವಿಸ ಕಟ್ಟಿ ಕಳ್ಸವ್ರೆ ಕಣೇ, ಮನೆಹಾಳ್ರು!" ಸಂಜೆ ದೀಪ ಹಚ್ಚಿದ ಮೇಲೆ ಅವರು ಆಡುತ್ತಿದ್ದುದು ಅದೊಂದನ್ನೇ. ಸೋತ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು.

"ಅದಕ್ಕೊಂದು ಚೀಟಿ ಅಂಟಿಸಿಡಿ ಅತ್ತೆ," ಎಂದಿದ್ದೆ.

"ಉಪ್ಪಿನ್ಕಾಯಿ ಭರಣಿನೇನೇ ಇದು, ಚೀಟಿ ಅಂಟ್ಸೋಕೆ? ನನ್ ತಲೇಲೈತೆ, ಸುಮ್ಕಿರು."

ಶಿವಣ್ಣ ಮಾವನಿಗೂ ಹೇಳದೆ ತಲೆಯಲ್ಲೇ ಇಟ್ಟುಕೊಂಡು, ಎದೆನೋವೆಂದು ಆಸ್ಪತ್ರೆ ಸೇರಿದರು. ನಾನು ಮಂಚದ ಪಕ್ಕ ಕೂತಿದ್ದಾಗ ಶಿವಣ್ಣ ಮಾವ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. ಮುಖದಲ್ಲಿ ಹೆಮ್ಮೆ.

"ನೀವಿಲ್ದಾಗ ಸೋರ್ಬುಟ್ಟಾವು ಅಂತ ಎಲ್ಲಾ ಬೋರ್ಡಿಂದೂ ಕಿತ್ತಾಕ್ಬುಟ್ಟೆ ಅತ್ತಿಗೆ. ಇನ್ನು ನಿಶ್ಚಿಂತೆಯಾಗಿರಿ."

ಡಬ್ಬಿಯ ತುಂಬ ಬ್ಯಾಟರಿಗಳು. ನೀಲಿ ತಂತಿಯದು ಮೇಲೆಯೇ ಇತ್ತು.

ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟನ್ನು ಗಬಕ್ಕನೆ ಹಿಡಿದರು. "ಒಳ್ಳೇದ್ ಮಾಡ್ದೆ ಕಣಪ್ಪ," ಎಂದರು ಅವರಿಗೆ. "ಊಟ ಮಾಡ್ದಾ?"

ಶಿವಣ್ಣ ಮಾವ ಆಚೆ ಹೋದದ್ದೇ ನಾನು ಸಿಡಿದೆ. ಅವರಿಗೆ ಹೇಳಿಯೇ ತೀರುತ್ತೇನೆ ಎಂದೆ.

"ಏನಂತ ಹೇಳ್ತೀಯೇ? ನಾನ್ ಅರಚಿದ್ದನ್ನೇ ಅವ್ನು ಮಾಡವ್ನೆ. ಗೊತ್ತಾದ್ರೆ ಆ ಮನ್ಸ ಇನ್ನೊಂದ್ ಬೋರ್ಡ್ ಮುಟ್ಟಕಿಲ್ಲ. ಮಿಕ್ಕಿದ್ದನ್ನೆಲ್ಲ ಯಾರ್ ನೋಡ್ಕೋತಾರೆ, ನೀನಾ?"

ಅವರು ನನ್ನೊಡನೆ ಆಡಿದ ಕೊನೆಯ ಮಾತು ಇದೇ. ಆ ವಾರವೇ ಹೋಗಿಬಿಟ್ಟರು.

ನನಗೆ ಇವತ್ತಿಗೂ ಮೈ ಉರಿಯುತ್ತದೆ. ಆ ಕಂಪನಿಯ ಮೇಲೆ, ಶಿವಣ್ಣ ಮಾವನ ವಿಧೇಯತೆಯ ಮೇಲೆ, ಎಲ್ಲಕ್ಕಿಂತ ಅತ್ತೆಯ ಮೇಲೆ. ಸೊಳ್ಳೆ ಕಚ್ಚಿದ್ದಕ್ಕೂ ಬೀದಿಗೆ ಕೇಳುವಂತೆ ಕೂಗಿದ ಹೆಂಗಸು, ಕೂಗಲೇಬೇಕಾದ ದಿನ ಊಟದ ವಿಚಾರ ಕೇಳಿದರಲ್ಲ! ಒಂದು ಚೀಟಿ ಅಂಟಿಸಿದ್ದರೆ ಏನು ಗಂಟು ಹೋಗುತ್ತಿತ್ತು? ಸಾಲದ್ದಕ್ಕೆ ನನ್ನ ಬಾಯಿಗೂ ಬೀಗ ಹಾಕಿ ಹೋದರು.

ಈಗ ಬೋರ್ಡುಗಳನ್ನು ನೋಡಿಕೊಳ್ಳುವವರು ಶಿವಣ್ಣ ಮಾವ. ಉಂಗುರ, ವಾಚು ಬಿಚ್ಚಿಟ್ಟು, ಬಣ್ಣದ ಬ್ರಷ್ಷಿನಿಂದ ಧೂಳು ತೆಗೆಯುತ್ತಾರೆ. ಮೊನ್ನೆ ಹೋದಾಗ ವಿಮಾನದ ಬೋರ್ಡನ್ನು ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಆಟದ ಸುಳಿವಿಲ್ಲ, ಪರದೆಯ ತುಂಬ ಬರೀ ಹಸಿರು.

"ಎಲ್ಲೋ ಒಂದ್ ತಂತಿ ತಪ್ಪಾಕಿವ್ನಿ ಅನ್ಸುತ್ತೆ ಕಣಮ್ಮ," ಎಂದರು. "ಅತ್ತಿಗೆ ಇದ್ದಿದ್ರೆ ಬೈದ್ಬುಟ್ಟು ಸರಿ ಮಾಡೋರು."

ಮಾತು ನಾಲಗೆಯ ತುದಿಗೆ ಬಂತು. ನಾನು ಕಿಟಕಿಯ ಹತ್ತಿರ ಹೋಗಿ ಎಡಗೈಯಲ್ಲಿ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಹೌದು ಮಾವ," ಎಂದೆ. "ಬೈಯೋರು."