ಪುಕ್ಕಲು ಅಕ್ಕೋರ ರೇಡಿಯೋ ಪಾಠ

ನಾನು ಪುಕ್ಕಲು ಸ್ವಭಾವದವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ವರ್ಷಗಟ್ಟಲೆ ಮಕ್ಕಳಿಂದ ಧೈರ್ಯದ ಮೇಲೆ ಪ್ರಬಂಧ ಬರೆಸಿದವಳೆಂದು ನೀವು ಬೇರೇನಾದರೂ ಊಹಿಸಿಕೊಂಡೀರಿ. ಹಲ್ಲಿಗೆ, ಸಿಡಿಲಿಗೆ, ಚಿಲ್ಲರೆ ಕೇಳುವ ಕಂಡಕ್ಟರಿಗೆ, ತಪಾಸಣೆಗೆ ಬರುವ ಇನ್‌ಸ್ಪೆಕ್ಟರಿಗೆ ಯಾವ ಭೇದಭಾವವೂ ಇಲ್ಲದೆ ಹೆದರಿದ್ದೇನೆ. ಆದರೆ ಇವರೆಲ್ಲರಿಗಿಂತ ಹೆಚ್ಚು ಹೆದರಿಸಿದ್ದು ಒಂದು ರೇಡಿಯೋ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕುಮಟೆ ಹತ್ತಿರದ ಹೊಳನಗದ್ದೆಯವಳಾದ ನನಗೆ ಭಟ್ಕಳ ತಾಲೂಕಿನ ತೆಂಗಿನಗುಂಡಿ ಕಡೆಯ ಶಾಲೆಯೊಂದರಲ್ಲಿ ಅಕ್ಕೋರ, ಅಂದರೆ ಶಿಕ್ಷಕಿಯ, ಕೆಲಸ ಸಿಕ್ಕಿತ್ತು. ಮಕ್ಕಳೆಲ್ಲ ಮೀನುಗಾರರ ಮನೆಯವರು. ಎರಡನೆಯ ವರ್ಷ ಶಾಲೆಗೆ ರೇಡಿಯೋ ಬಂತು. ಅದರ ಬೆನ್ನಿಗೇ ಒಂದು ಸುತ್ತೋಲೆ: ಮಕ್ಕಳನ್ನು ಹೊಸ ಕಾಲಕ್ಕೆ ಸಜ್ಜುಗೊಳಿಸಬೇಕು, ರೇಡಿಯೋ ಪಾಠ ಕೇಳಿಸಬೇಕು. ಹೆಡ್‌ಮಾಸ್ತರು ಅದನ್ನು ಎರಡು ಸಲ ಓದಿ, ರೇಡಿಯೋವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಹಾಳಾದ್ರೆ ಉತ್ತರ ಕೊಡೂದು ಯಾರು ಅಕ್ಕೋರೆ?" ಎಂದರು.

ನನಗೂ ಆ ಏರ್ಪಾಡು ಹಿತವಾಗಿತ್ತು. ಗುಂಡಿ ಮುಟ್ಟಿದರೆ ಶಾಕ್ ಹೊಡೆಯುತ್ತದೆಂದು ನಾನು ನಂಬಿದ್ದೆ, ಅದು ಬ್ಯಾಟರಿಯಲ್ಲಿ ನಡೆಯುವುದೆಂದು ಗೊತ್ತಿದ್ದೂ.

ಇನ್‌ಸ್ಪೆಕ್ಟರು ಬರುತ್ತಾರೆಂಬ ಸುದ್ದಿ ಬಂದಾಗ ದೊಡ್ಡ ಭಯ ಸಣ್ಣ ಭಯವನ್ನು ನುಂಗಿತು. ರೇಡಿಯೋ ಏಳನೇ ತರಗತಿಗೆ, ನನ್ನ ಮೇಜಿಗೆ ಬಂತು. ಮೊದಲ ಪಾಠ ಜೋಳದ ಬೆಳೆಯ ಬಗ್ಗೆ. ಬಂಗಡೆ ಇವತ್ತಿನದೋ ನಿನ್ನೆಯದೋ ಎಂದು ಕಣ್ಣು ನೋಡಿಯೇ ಹೇಳಬಲ್ಲ ಮಕ್ಕಳು ಎರೆಮಣ್ಣಿನ ಗುಣಗಳನ್ನು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡರು. ಪಾಠ ಮುಗಿದ ಮೇಲೆ ಮಾದೇವಿ ಎದ್ದು ನಿಂತಳು. ಜಟ್ಟಪ್ಪನೆಂಬ ಮೀನುಗಾರನ ಮಗಳು. ಮಾತು ಕಡಿಮೆ, ಅಕ್ಷರ ದುಂಡಗೆ.

"ಅಕ್ಕೋರೆ, ಇದ್ರಲ್ಲಿ ಸಮುದ್ರದ್ದು ಎಂತದೂ ಬರೂದಿಲ್ವಾ?"

ಬರುತ್ತಿತ್ತು. ಸಂಜೆ ಹೊತ್ತು ಮೀನುಗಾರರಿಗೆಂದೇ ಹವಾಮಾನದ ಸೂಚನೆ ಓದುತ್ತಿದ್ದರು. ನಾನು ಹೆಡ್‌ಮಾಸ್ತರರನ್ನು ಕಾಡಿ ಬೇಡಿ ಕೀಲಿಕೈ ಇಸಿದುಕೊಂಡೆ. ಶಾಲೆ ಬಿಟ್ಟ ಮೇಲೆ ಐದಾರು ಮಕ್ಕಳು ಉಳಿಯತೊಡಗಿದರು. ಕರಾವಳಿಯ ನಕಾಶೆಯನ್ನು ಹಲಗೆಯ ಮೇಲೆ ಬರೆದೆವು. ಮಾದೇವಿ ಗಾಳಿಯ ದಿಕ್ಕು, ವೇಗ ಎಲ್ಲವನ್ನೂ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ವಾಯವ್ಯ, ನೈಋತ್ಯಗಳನ್ನು ಸದಾ ಅದಲುಬದಲು ಮಾಡುತ್ತಿದ್ದ ಮಕ್ಕಳು ಹದಿನೈದು ದಿನಗಳಲ್ಲಿ ನನ್ನನ್ನೇ ತಿದ್ದುವಂತಾದರು. ಗಂಟೆಗೆ ನಲವತ್ತು ಕಿಲೋಮೀಟರ್ ಗಾಳಿಯೆಂದರೆ ಹೊನ್ನಾವರದ ಬಸ್ಸಿಗಿಂತ ಜೋರು ಎಂಬ ಲೆಕ್ಕ ಅವರೇ ಹಾಕಿದ್ದು.

ಒಂದು ಸಂಜೆ ರೇಡಿಯೋ, ಕಡಲಿಗೆ ಇಳಿಯಬೇಡಿ ಎಂದಿತು. ಮಕ್ಕಳು ದಂಡೆಗೆ ಓಡಿ ಎಲ್ಲರಿಗೂ ಹೇಳಿದರು. ಮರುದಿನ ಒಂದು ದೋಣಿಯೂ ಹೋಗಲಿಲ್ಲ. ಗಾಳಿಯೂ ಬರಲಿಲ್ಲ. ಮಧ್ಯಾಹ್ನ ಜಟ್ಟಪ್ಪ ಶಾಲೆಯ ಬಾಗಿಲಲ್ಲಿ ನಿಂತಿದ್ದ. ದನಿ ಏರಿಸಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

"ಅಕ್ಕೋರೆ, ನಿಮ್ಮ ಪೆಟ್ಟಿಗೆ ಹೇಳ್ತು ಅಂತ ದೋಣಿ ಮೇಲೆ ಎಳ್ದಿಟ್ಟೊ. ಕಡಲು ನೋಡಿ, ಹ್ಯಾಂಗೆ ಮಲ್ಗಿದೆ. ಇವತ್ತು ಒಲೆ ಮೇಲೆ ಎಂತ ಇಡೂದು?"

ಹೆಡ್‌ಮಾಸ್ತರು ಹಿಂದಿನಿಂದ, "ಪಾಠ ಮಾಡಿ ಅಕ್ಕೋರೆ, ಊರಿಗೆ ಬುದ್ಧಿ ಹೇಳೂಕೆ ಹೋಗ್ಬೇಡಿ" ಎಂದರು. ಆತು, ಎಂದೆ.

ಹತ್ತು ದಿನ ಕಳೆದಿರಬೇಕು. ರೇಡಿಯೋ ಮತ್ತೆ ಅದೇ ಎಚ್ಚರಿಕೆ ಓದಿತು, ಈ ಸಲ ಇನ್ನಷ್ಟು ಬಿಗಿಯಾಗಿ. ಮಾದೇವಿ ಬರೆದು ಮುಗಿಸಿ ನನ್ನ ಮುಖ ನೋಡಿದಳು.

"ಹೇಳೂದಾ, ಬ್ಯಾಡ್ದಾ?"

ಗಾಳಿ ಬರದಿದ್ದರೆ ಎಂಬ ಭಯ ನನ್ನನ್ನು ಹಿಡಿಯಿತು. ಬಂದರೆ ಎಂಬುದು ಆಮೇಲೆ ಹೊಳೆಯಿತು. "ನಾಳೆ ನೋಡುವಾ, ಈಗ ಮನೆಗೆ ಹೋಗಿ" ಎಂದು ಮಕ್ಕಳನ್ನು ಕಳಿಸಿದೆ. ಅಷ್ಟು ಸಣ್ಣ ಮಾತು. ಆದರೆ ಬೆಳಗಿನವರೆಗೂ ಅದು ನನ್ನನ್ನು ಮಲಗಗೊಡಲಿಲ್ಲ. ದೋಣಿಗಳು ಹೊರಡುವುದೇ ನಸುಕಿನಲ್ಲಿ. ನಾಳೆ ನೋಡಲು ಉಳಿಯುವುದಾದರೂ ಏನು? ಬೆಳಕು ಹರಿಯುವ ಮೊದಲೇ ಎದ್ದು ದಂಡೆಗೆ ನಡೆದೆ. ಕತ್ತಲಲ್ಲಿ ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ಹೋದೆ.

ಅಲ್ಲಿ ಜನ ಗುಂಪುಗೂಡಿದ್ದರು. ನಡುವೆ ಜಟ್ಟಪ್ಪನ ದೋಣಿ. ಅದರೊಳಗೆ ಬಲೆಯ ರಾಶಿಯ ಮೇಲೆ ಮಾದೇವಿ, ವಹಿಯನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಇಳಿ ಎಂದರೆ ಇಳಿಯುತ್ತಿರಲಿಲ್ಲ. ಮಗಳನ್ನು ಹೊತ್ತು ಇಳಿಸಲು ಜಟ್ಟಪ್ಪನಿಗೆ ಎರಡು ನಿಮಿಷ ಸಾಕಿತ್ತು, ಯಾಕೋ ಕೈ ಹಾಕಿರಲಿಲ್ಲ. ಈ ರಗಳೆ ನೋಡುತ್ತ ಉಳಿದ ದೋಣಿಗಳೂ ನಿಂತಿದ್ದವು. ಎರಡು ಮಾತ್ರ ಆಗಲೇ ಹೋಗಿಯಾಗಿತ್ತು.

ಅವನು ನನ್ನ ಕಡೆ ತಿರುಗಿದ. "ನೀವೇ ಹೇಳಿ ಅಕ್ಕೋರೆ. ಹೋಗೂದಾ, ಬ್ಯಾಡ್ದಾ?"

ಕಡಲು ಅವತ್ತೂ ಶಾಂತವಾಗಿತ್ತು. "ಹೋಗಬೇಡಿ" ಎಂದೆ. ದನಿ ಹೊರಗೆ ಬಂತೋ ಇಲ್ಲವೋ ಎಂಬ ಅನುಮಾನದಿಂದ ಮತ್ತೊಮ್ಮೆ ಹೇಳಿದೆ.

ಹೊತ್ತು ಒಂದು ಮಾರು ಏರುವಷ್ಟರಲ್ಲಿ ಗಾಳಿ ಬಂತು. ಅದನ್ನು ವರ್ಣಿಸಲು ಹೋಗುವುದಿಲ್ಲ. ನಾನು ಹೆಚ್ಚಿನ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ. ಹೋದ ಎರಡು ದೋಣಿಯವರ ಹೆಂಡಂದಿರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರಲ್ಲಿ ಒಬ್ಬಳು, "ಪೆಟ್ಟಿಗೆ ನಿನ್ನೆಯೇ ಹೇಳಿತ್ತಂತೆ, ಹೌದಾ ಅಕ್ಕೋರೆ?" ಎಂದು ಕೇಳಿದಳು. ಹೌದು ಎಂದೆ. ಅವಳು ಕಡಲಿನ ಕಡೆ ತಿರುಗಿ ಕೂತಳು. ಬೈದಿದ್ದರೆ ಹಗುರವಾಗುತ್ತಿತ್ತು.

ಸಂಜೆಗೆ ಸುದ್ದಿ ಬಂತು. ಎರಡೂ ದೋಣಿಗಳು ಮುರ್ಡೇಶ್ವರದ ಕಡೆ ದಡ ಸೇರಿದ್ದವು. ಒಂದು ಒಡೆದಿತ್ತು, ಒಬ್ಬನ ಕೈ ಮುರಿದಿತ್ತು, ಎಲ್ಲರೂ ಬದುಕಿದ್ದರು. ಆಮೇಲೆ ಆ ಕೈ ಮುರಿದವನನ್ನು ದಾರಿಯಲ್ಲಿ ಕಂಡಾಗಲೆಲ್ಲ ನಾನು ಎದುರು ಬದಿಗೆ ಸರಿಯುತ್ತಿದ್ದೆ. ಅವನೋ, ಪಾಪ, ಗೌರವವೆಂದು ತಿಳಿದು ತಾನೂ ಸರಿಯುತ್ತಿದ್ದ.

ಮರುವಾರ ಜಟ್ಟಪ್ಪ ಮೂವರನ್ನು ಕರೆದುಕೊಂಡು ಶಾಲೆಗೆ ಬಂದ. "ಆ ಗಾಳಿ ಲೆಕ್ಕ ನಮ್ಗೂ ಸ್ವಲ್ಪ ತೋರ್ಸಿ" ಎಂದ. ಏಳನೇ ತರಗತಿಯ ಬೆಂಚುಗಳಲ್ಲಿ ಅವರ ಮೊಣಕಾಲು ಹಿಡಿಸಲಿಲ್ಲ. ನಕಾಶೆ ತೋರಿಸಿದವಳು ಮಾದೇವಿ. ಹೆಡ್‌ಮಾಸ್ತರು ಬಾಗಿಲಲ್ಲಿ ನಿಂತು, ಇದನ್ನು ಯಾವ ರಿಜಿಸ್ಟರಿನಲ್ಲಿ ಬರೆಯುವುದೆಂದು ಚಿಂತಿಸಿದರು.

ಎಲ್ಲರೂ ಹೋದ ಮೇಲೆ ನಾನು ಮಾದೇವಿಯನ್ನು ಕೇಳಿದೆ, "ಅಷ್ಟು ಜನರ ಎದುರು, ಅಪ್ಪನ ಎದುರು, ನಿನಗೆ ಹೆದರಿಕೆಯಾಗಲಿಲ್ಲವೇನೇ?"

ಅವಳಿಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಆಗಿತ್ತಲ್ಲ ಅಕ್ಕೋರೆ. ಅದ್ಕೇ ಹೋದೆ" ಎಂದಳು.

ನಾನು ಈಗಲೂ ಪುಕ್ಕಲಿಯೇ. ಹಲ್ಲಿಯ ವಿಷಯದಲ್ಲಿ ಯಾವ ಸುಧಾರಣೆಯೂ ಆಗಿಲ್ಲ. ಆದರೆ ದೊಡ್ಡ ಹೆದರಿಕೆ ಬಂದಾಗ ಈಗ ಮುಸುಕು ಎಳೆದುಕೊಳ್ಳುವುದಿಲ್ಲ; ಮೊದಲು ಚಪ್ಪಲಿ ಎಲ್ಲಿದೆ ಎಂದು ಹುಡುಕುತ್ತೇನೆ.