ಊರಿನ ಕರುಳು ಬಲ್ಲವಳು

ಪರಾಗ್ವೆಯ ವಿಲ್ಯಾರಿಕಾದ ಬಸ್ ನಿಲ್ದಾಣದೆದುರು ಊರವರೆಲ್ಲ ‘ನ್ಯಾ’, ಅಂದರೆ ಅಮ್ಮ, ಎಂದು ಕರೆಯುವ ವೆನಾನ್ಸಿಯಾ ಇಪ್ಪತ್ತೆರಡು ವರ್ಷದಿಂದ ಗಿಡಮೂಲಿಕೆ ಕುಟ್ಟಿ ಮಾರುತ್ತಾಳೆ. ಬೆಳಗಾದರೆ ಜನ ಐಸ್‌ನೀರಿನ ಜಗ್ ಹಿಡಿದು ಸಾಲು ನಿಲ್ಲುತ್ತಾರೆ. ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ಹೀರದೆ ಆ ಊರಿನಲ್ಲಿ ಯಾರೂ ಕೆಲಸಕ್ಕೆ ಕೈಹಚ್ಚುವುದಿಲ್ಲ. ಜಗ್ಗಿಗೆ ಬೇರು, ಸೊಪ್ಪು ಹಾಕುವ ಮೊದಲು ಆಕೆ ಒರಳಿನಿಂದ ತಲೆಯೆತ್ತದೆ ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಾಳೆ.

"ಏನೋ ಕ್ರಿಸ್ಪುಲೊ, ಇವತ್ತೂ ಹೊಟ್ಟೆ ಕಟ್ಕೊಂಡಿದ್ಯಾ?"

ಬಸ್ ಡ್ರೈವರ್ ಕ್ರಿಸ್ಪುಲೊ ತಲೆ ತಗ್ಗಿಸುತ್ತಾನೆ, ಸಾಲು ನಗುತ್ತದೆ. ಹೀಗಾಗಿ ಊರಿನ ಯಾವ ಕರುಳೂ ಗುಟ್ಟಾಗಿ ಉಳಿದಿಲ್ಲ.

ಅಂಥ ಬಾಯಿ ಏಳು ತಿಂಗಳಿಂದ ಒಂದು ವಿಷಯದಲ್ಲಿ ಮಾತ್ರ ಹೊಲಿದುಕೊಂಡಿತ್ತು. ಆಕೆಗೇ ಮೂಲವ್ಯಾಧಿ. ಅಂಗಡಿಯ ಸೊಪ್ಪನ್ನೆಲ್ಲ ಕುಡಿದರೂ ರಕ್ತ ನಿಲ್ಲಲಿಲ್ಲ. ಕೊನೆಗೆ ಕದ್ದುಮುಚ್ಚಿ ಕ್ಲಿನಿಕ್ಕಿಗೆ ಹೋದಳು.

"ಒಳಗಿನ ಗಂಟು ಇದು," ಎಂದರು ಡಾಕ್ಟರಮ್ಮ. "ಸೂಜಿಮದ್ದು ಚುಚ್ಚಬಹುದು, ಶಾಖ ಕೊಟ್ಟು ಸುಡಬಹುದು. ನಿಮಗೆ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಬ್ಯಾಂಡ್ ಹಾಕೋದೇ ವಾಸಿ. ವಾರ, ಹತ್ತು ದಿನದಲ್ಲಿ ಒಣಗಿ ಉದುರತ್ತೆ. ಅಡ್ಮಿಟ್ ಆಗಬೇಕಿಲ್ಲ. ನೀವು ಬಂದಿದ್ದು ಒಳ್ಳೇದಾಯ್ತು. ಮೂಲವ್ಯಾಧಿ ಅಂದ್ಕೊಂಡೇ ಕೂತು, ಒಳಗೆ ಕ್ಯಾನ್ಸರ್ ಗಡ್ಡೆ ಬೆಳೆಸ್ಕೊಂಡು ಬರೋರೂ ಇದಾರೆ."

ಗುರುವಾರ ಬ್ಯಾಂಡ್ ಹಾಕಿಸಿಕೊಳ್ಳಲು ಹೋದರೆ, ಬೆಂಚಿನ ತುದಿಯಲ್ಲಿ ಕ್ರಿಸ್ಪುಲೊ ಕುಳಿತಿದ್ದ.

"ನ್ಯಾ ವೆನಾನ್ಸಿಯಾ, ನೀವೇನಿಲ್ಲಿ?"

ಕಳ್ಳನಿಗೊಂದು ಪಿಳ್ಳೆ ನೆವ. "ಡಾಕ್ಟರಮ್ಮಂಗೆ ಸೊಪ್ಪು ಕೊಡೋಕೆ ಬಂದೆ."

ಅವನ ಮುಖ ಅರಳಿತು. "ಡಾಕ್ಟ್ರೇ ನಿಮ್ಮ ಸೊಪ್ಪು ಕುಡಿಯೋದಾದ್ರೆ ನಾನ್ಯಾಕೆ ಇಲ್ಲಿ ಪ್ಯಾಂಟ್ ಬಿಚ್ಚಲಿ? ನಾಲ್ಕು ತಿಂಗಳಿಂದ ರಕ್ತ ಹೋಗ್ತಿದೆ, ಹೆಂಡ್ತಿ ಕಾಟಕ್ಕೆ ಬಂದೆ ಅಷ್ಟೆ. ನಾಳೆ ನಿಮ್ಮ ಹತ್ರಾನೇ ಬರ್ತೀನಿ."

ಬೆಂಚಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಇಷ್ಟು ವರ್ಷದಲ್ಲಿ ಆಕೆಯ ಅಂಗಡಿಗೆ ಇಂಥ ಜಾಹೀರಾತು ಸಿಕ್ಕಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವನು ಎದ್ದು ಹೊರಬಾಗಿಲವರೆಗೆ ಹೋಗುವ ತನಕ ಮುಚ್ಚಿಕೊಂಡೇ ಇದ್ದಳು. ಆದರೆ ನಾಲ್ಕು ತಿಂಗಳ ರಕ್ತ ಎಂಬ ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತು.

"ಕೂತ್ಕೊಳೋ," ಎಂದಳು, ಬೀದಿಯಲ್ಲಿ ಕೂಗುವ ಅದೇ ದನಿಯಲ್ಲಿ. "ಸುಳ್ಳು ಹೇಳ್ದೆ. ನನ್ನ ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿಸ್ಕೊಳ್ಳೋಕೆ ಬಂದೀನಿ. ನನ್ನ ಸೊಪ್ಪು ನನಗೇ ಹತ್ತಲಿಲ್ಲ."

ಕ್ರಿಸ್ಪುಲೊ ಬಾಗಿಲಿನಿಂದ ಹಿಂದಕ್ಕೆ ಬಂದ.

"ಮತ್ತೆ ಎರಡು ವರ್ಷ ನಾನು ಕುಡಿದಿದ್ದು?"

"ನೀರು. ನೀರು ಒಳ್ಳೇದೇ."

ನರ್ಸ್ ಬಂದು ವೆನಾನ್ಸಿಯಾಳ ಹೆಸರು ಕರೆದಳು. ಆಕೆ ಕ್ರಿಸ್ಪುಲೊನ ತೋಳು ಹಿಡಿದು ಮುಂದೆ ತಳ್ಳಿದಳು. "ಇವನನ್ನ ಮೊದಲು ನೋಡಿ ತಾಯಿ. ನಂದು ಏನೂಂತ ಗೊತ್ತಿದೆ."

ಬಾಗಿಲು ಮುಚ್ಚಿತು. ಇವನದು ಬರೀ ಮೂಲವ್ಯಾಧಿಯಾಗಿರಲಪ್ಪಾ ದೇವರೇ ಎಂದು ವೆನಾನ್ಸಿಯಾ ನಿಂತಲ್ಲೇ ಬೇಡಿಕೊಂಡಳು. ಆ ಕಾಯಿಲೆಯನ್ನು ಒಬ್ಬರಿಗೆ ಮನಸಾರೆ ಹಾರೈಸಿದ್ದು ಆಕೆಯ ಜನ್ಮದಲ್ಲಿ ಅದೇ ಮೊದಲು.