ಮೇಷ್ಟ್ರು ನಿಲ್ಲಿಸಿದ ಹಾಡು

ನಮ್ಮ ಗಿಟಾರ್ ಮೇಷ್ಟ್ರ ಎಡಗೈಯ ಉಂಗುರದ ಬೆರಳು ಮೊದಲ ಗಿಣ್ಣಿಗೇ ಮುಗಿದುಹೋಗಿತ್ತು. ಅದರ ತುದಿ ಹುಣಸೆ ಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಉಳಿದ ಬೆರಳುಗಳು ತಂತಿಗಳ ಮೇಲೆ ಓಡಾಡುತ್ತಿದ್ದರೆ ಆ ಮೋಟು ಬೆರಳು ಮಾತ್ರ ತಾನೂ ಏನನ್ನೋ ಒತ್ತುತ್ತಿರುವಂತೆ ಗಾಳಿಯಲ್ಲೇ ಬಾಗಿ ಏಳುತ್ತಿತ್ತು. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ತುಂಡಾದ ಬೆರಳು ಅದು. ಯಾರಾದರೂ ಅದನ್ನೇ ದಿಟ್ಟಿಸಿದರೆ ಅವರು ಕೈ ಮುಚ್ಚಿಕೊಳ್ಳುತ್ತಿರಲಿಲ್ಲ. ಇನ್ನಷ್ಟು ಹತ್ತಿರ ತಂದು ತೋರಿಸಿ, "ಚೆನ್ನಾಗಿ ನೋಡ್ಬುಡಿ, ಆಮೇಲೆ ಹಾಡಿನ ಕಡೆ ಗಮನ ಕೊಡೋಣ" ಎನ್ನುತ್ತಿದ್ದರು.

ನಾನು ಆಗ ಊರಿನ ಒಂದು ಜನಪದ ತಂಡದಲ್ಲಿ ಹಾಡುತ್ತಿದ್ದೆ. ಹಗಲು ಪ್ರಾಥಮಿಕ ಶಾಲೆಯಲ್ಲಿ ಪಾಠ, ಸಂಜೆ ತಾಲೀಮು. ತಂಡದ ಯಜಮಾನರು ಕೊಳಲು ನುಡಿಸುತ್ತಿದ್ದರು. ಮೇಷ್ಟ್ರು ಅದೇ ತಂಡಕ್ಕೆ ಗಿಟಾರ್ ಹಿಡಿದು ಬಂದವರು. ಕೆಲಸ ಬಿಟ್ಟ ಮೇಲೆ ನಜರ್‌ಬಾದಿನ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಪಾಠ ಹೇಳಿಕೊಂಡಿದ್ದರು. ತಾಲೀಮಿನಲ್ಲಿ ಮಾತು ಕಡಿಮೆ. ಗೋಡೆಗೊರಗಿ ಕೂತು, ಯಾರು ಹಾಡುತ್ತಾರೋ ಅವರ ಕತ್ತನ್ನೇ ನೋಡುತ್ತಿದ್ದರು. ಮುಖ ನೋಡುತ್ತಿರಲಿಲ್ಲ. ಮೊದಮೊದಲು ನನಗೆ ಅದು ಮುಜುಗರವೆನಿಸಿತ್ತು. ಆಮೇಲೆ ಗೊತ್ತಾಯಿತು, ನರ ಯಾವಾಗ ಉಬ್ಬುತ್ತದೆಂದು ಅವರು ಕಾಯುತ್ತಿದ್ದರು.

ನನ್ನ ನರ ಉಬ್ಬತೊಡಗಿ ಬಹಳ ಕಾಲವಾಗಿತ್ತು. ಅಮ್ಮ ಚಿಕ್ಕಂದಿನಲ್ಲಿ ನನಗೆ ಐದನೇ ಶ್ರುತಿಯಲ್ಲಿ ಸಂಗೀತ ಹೇಳಿಕೊಟ್ಟಿದ್ದರು. ಹೆಣ್ಣುಮಕ್ಕಳ ಶ್ರುತಿ ಅದೇ, ಅದಕ್ಕಿಂತ ಇಳಿದರೆ ಹಾಡು ಮಂಕಾಗುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಇಪ್ಪತ್ತರಲ್ಲಿ ಸಲೀಸಾಗಿ ಮುಟ್ಟುತ್ತಿದ್ದ ಮೇಲಿನ ಸ್ವರಕ್ಕೆ ನಲವತ್ತರ ಹತ್ತಿರ ಬರುವಾಗ ಗಂಟಲು ಹಿಂಡಬೇಕಾಗುತ್ತಿತ್ತು. ಒಂದು ಬೆಳಿಗ್ಗೆ ತರಗತಿಯಲ್ಲಿ ಹಾಜರಿ ಕೂಗಲು ಬಾಯಿ ತೆರೆದರೆ ಬರಿಯ ಗಾಳಿ ಬಂತು. ಮಕ್ಕಳು ನಕ್ಕರು.

ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುಗಳ ಅಂಚಿನಲ್ಲಿ ಗಂಟು. ಮಾತೇ ಆಡದೆ ಕೆಲವು ವಾರ ಇರಬೇಕು ಎಂದರು. "ಆಮೇಲೆ ಹಾಡಬಹುದು. ಆದ್ರೆ ಗಂಟಲು ಹಿಂಡಿ ಮೇಲಕ್ಕೆ ಹೋದ್ರೆ ಒಳಗೆ ರಕ್ತನಾಳ ಒಡೀಬಹುದು ಕಣಮ್ಮ. ಒಡೆದ್ರೆ ಹಾಡೋದು ಆಮೇಲಿನ ಮಾತು, ಪಾಠ ಮಾಡೋದೇ ಕಷ್ಟ." ಶಾಲೆಗೆ ರಜೆ ಹಾಕಿ, ಮನೆಯಲ್ಲಿ ಸನ್ನೆ ಮಾಡಿಕೊಂಡು ದಿನ ದೂಡಿದೆ. ಹಾಲಿನವನಿಗೂ ಬೆರಳಲ್ಲೇ ಲೆಕ್ಕ. ದನಿ ತಿರುಗಿ ಬಂದಾಗ ಅದನ್ನು ಬಳಸಲೇ ಹೆದರಿಕೆ. ಆಗ ಮೇಷ್ಟ್ರು ಫೋನ್ ಮಾಡಿ, "ಒಂದ್ಸಲ ಮನೆ ಕಡೆ ಬಾಮ್ಮ. ಹಾಡಬೇಡ, ಸುಮ್ಕೆ ಮಾತಾಡೋಣ" ಎಂದರು.

ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅಕ್ಕನ ದನಿ ಒಡೆದ ದನಿ. ಒಣಗಿದ ಸೋಗೆಯನ್ನು ಎಳೆದಂತೆ ಕೇಳಿಸುತ್ತಿತ್ತು. ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದೆ. ಮೇಷ್ಟ್ರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ರಶ್ಶಿತ್ತಾ, ಶಾಲೆಯಲ್ಲಿ ಮಕ್ಕಳೆಷ್ಟು, ಮನೆಯಲ್ಲಿ ಏನಡುಗೆ ಎಂದೆಲ್ಲ ಕೇಳತೊಡಗಿದರು. ನಾನು ಉತ್ತರ ಹೇಳುತ್ತಿದ್ದರೆ ಅವರ ಹೆಬ್ಬೆರಳು ಒಂದೊಂದೇ ತಂತಿ ಮೀಟುತ್ತಾ ನನ್ನ ಮಾತಿನ ಹಿಂದೆಯೇ ನಡೆಯುತ್ತಿತ್ತು. ಒಂದು ಕಡೆ ನಿಂತಿತು. "ಇಲ್ಲಿ ಅದೆ ನೋಡು ನಿನ್ನ ದನಿ. ಇಲ್ಲಿ ನೆಮ್ಮದಿಯಾಗಿ ಕೂತದೆ. ನೀನು ಇದನ್ನ ಎಳಕೊಂಡೋಗಿ ಅಟ್ಟದ ಮೇಲೆ ನಿಲ್ಲಿಸ್ತಿದ್ದೆ."

ಅಂದಿನಿಂದ ಅವರಲ್ಲಿ ಪಾಠ ಶುರುವಾಯಿತು. ಹಾಡುವುದನ್ನು ಅವರು ಹೇಳಿಕೊಡಲಿಲ್ಲ; ಎಲ್ಲಿ ನಿಂತು ಹಾಡಬೇಕೆಂಬುದನ್ನು ಹೇಳಿಕೊಟ್ಟರು. ಹಾಡು ಶುರುವಾಗುವ ಜಾಗ ನೋಡಬಾರದು, ಅದು ಎಲ್ಲಿಯವರೆಗೆ ಏರುತ್ತದೆ, ಎಲ್ಲಿಗೆ ಇಳಿಯುತ್ತದೆ ಎರಡನ್ನೂ ನೋಡಬೇಕು ಎನ್ನುತ್ತಿದ್ದರು. ತುತ್ತತುದಿಯ ಸ್ವರವನ್ನು ಮೆಲ್ಲಗೆ ಹಾಡಲು ಬಂದರೆ ಆ ಶ್ರುತಿ ನಿನ್ನದು, ಕೂಗಿದರೆ ಮಾತ್ರ ಬರುತ್ತದೆ ಅಂದರೆ ನಿನ್ನದಲ್ಲ. ಬೆಳಿಗ್ಗೆ ಗೊತ್ತುಮಾಡಿದ ಶ್ರುತಿಯನ್ನು ಸಂಜೆ, ಶಾಲೆ ಮುಗಿಸಿ ಸೋತು ಬಂದ ಮೇಲೆ ಮತ್ತೆ ಹಾಡಿಸುತ್ತಿದ್ದರು. "ದಣಿದ ಗಂಟಲು ಸುಳ್ಳು ಹೇಳಲ್ಲ ಕಣಮ್ಮ." ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದರೆ ಪಾಠ ನಿಲ್ಲಿಸಿ ಅವಳ ಸ್ವರವನ್ನು ತಂತಿಯಲ್ಲಿ ಹುಡುಕುವುದು ಅವರ ಚಾಳಿ.

ಕೊನೆಗೆ ನನ್ನ ಹಾಡುಗಳು ಮೂರನೇ ಶ್ರುತಿಗೆ ಇಳಿದವು. ಆ ಶ್ರುತಿಗೆ ಅವರು ಗಿಟಾರಿನ ಕತ್ತಿನ ಪಟ್ಟಿಗಳ ನಡುವಿನ ಎರಡನೇ ಮನೆಗೆ ಕ್ಯಾಪೊ ಹಾಕುತ್ತಿದ್ದರು. ಕ್ಯಾಪೊ ಅಂದರೆ ಆ ಕತ್ತಿನ ಮೇಲೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಅದುಮಿ ಹಿಡಿಯುವ ಸಣ್ಣ ಕ್ಲಿಪ್ಪು. ಅದನ್ನು ಎಲ್ಲಿ ಕಚ್ಚಿಸುತ್ತೇವೋ ಅಲ್ಲಿಂದ ಶ್ರುತಿ ಬದಲಾಗುತ್ತದೆ, ಬೆರಳುಗಳು ಮಾತ್ರ ತಮಗೆ ಅಭ್ಯಾಸವಾದ ಪಟ್ಟನ್ನೇ ಹಿಡಿಯಬಹುದು. ಮೋಟು ಬೆರಳಿನ ಮೇಷ್ಟ್ರಿಗೆ ಎಲ್ಲ ಪಟ್ಟುಗಳೂ ಸಿಗುತ್ತಿರಲಿಲ್ಲ; ಐದನೇ ಶ್ರುತಿಯವು ಮಾತ್ರ ಕ್ಯಾಪೊ ಇಲ್ಲದೆ ಕೈಗೆ ಬರುತ್ತಿದ್ದವು. ಕ್ಯಾಪೊ ಸದಾ ಅಂಗಿಯ ಜೇಬಿನಲ್ಲಿರುತ್ತಿತ್ತು.

ತಂಡಕ್ಕೆ ದೊಡ್ಡ ಕಾರ್ಯಕ್ರಮವೊಂದು ಒದಗಿತು. ಊರಿನ ದೊಡ್ಡ ಸಭಾಂಗಣ, ಬೇರೆ ಬೇರೆ ಜಿಲ್ಲೆಯ ತಂಡಗಳು. ಚೆನ್ನಾಗಿ ಹಾಡಿದವರಿಗೆ ಹೊರರಾಜ್ಯದ ಪ್ರವಾಸ. ತಾಲೀಮೆಲ್ಲ ಮೂರನೇ ಶ್ರುತಿಯಲ್ಲೇ ನಡೆದಿತ್ತು. ಯಜಮಾನರಿಗೆ ಅದು ಒಗ್ಗಿರಲಿಲ್ಲ, ಆದರೂ ಸುಮ್ಮನಿದ್ದರು. ನಮ್ಮ ಸರದಿಗೆ ಮುಂಚೆ ಹಾಡಿದ ತಂಡದ ಹುಡುಗಿ ದನಿಯನ್ನು ಎಲ್ಲಿಗೋ ಏರಿಸಿಬಿಟ್ಟಳು. ಚಪ್ಪಾಳೆ ನಿಲ್ಲಲಿಲ್ಲ. ರಂಗದ ಪಕ್ಕದಲ್ಲಿ ನಿಂತಿದ್ದ ಯಜಮಾನರ ಮುಖ ಬಿಗಿಯಿತು. ಚೀಲದಿಂದ ಐದನೇ ಶ್ರುತಿಯ ಕೊಳಲು ತೆಗೆದರು.

"ಐದಕ್ಕೇ ಹಾಡೋಣ. ಅಷ್ಟು ಕೆಳಗೆ ಹಾಡಿದ್ರೆ ಈಗ ಜನ ಎದ್ದು ಹೋಗ್ತಾರೆ."

"ಈ ಹೆಣ್ಣುಮಗಳ ಗಂಟಲಿಗೆ ಆಗಲ್ಲ ಸ್ವಾಮಿ," ಎಂದರು ಮೇಷ್ಟ್ರು.

"ಒಂದು ಹಾಡು ಕಣ್ರೀ. ಇಷ್ಟು ವರ್ಷ ಹಾಡಿಲ್ವಾ ಅವರು?" ಯಜಮಾನರು ನನ್ನ ಕಡೆ ತಿರುಗಿದರು. "ಏನಮ್ಮ, ಆಗುತ್ತೋ ಇಲ್ವೋ? ಎಂಟು ಜನ ನಿಮ್ಮನ್ನ ನಂಬ್ಕೊಂಡು ನಿಂತಿದ್ದಾರೆ."

ಅಷ್ಟರಲ್ಲಿ ನಮ್ಮ ತಂಡದ ಹೆಸರು ಕರೆದರು. ನಾನು "ಆಗುತ್ತೆ" ಎಂದೆ. ಮೇಷ್ಟ್ರು ನನ್ನ ಕತ್ತನ್ನೊಮ್ಮೆ ನೋಡಿ, ಗಿಟಾರಿನಿಂದ ಕ್ಯಾಪೊ ಬಿಚ್ಚಿ ಜೇಬಿಗೆ ಹಾಕಿಕೊಂಡರು.

ಪಲ್ಲವಿ ಹೇಗೋ ದಾಟಿತು. ಮೊದಲ ಚರಣದಲ್ಲೇ ಗಂಟಲಿನ ಒಳಗೆ ಸೂಜಿ ಆಡಿಸಿದಂತಾಯಿತು. ಉಗುಳು ನುಂಗಿದೆ; ಬಿಸಿ. ಎರಡನೇ ಚರಣದಲ್ಲಿ ಹಾಡು ತುದಿಗೆ ಏರುತ್ತದೆ. ಅದು ಹತ್ತಿರ ಬರುತ್ತಿದ್ದಂತೆ ಡಾಕ್ಟರ ಮಾತು ಕಿವಿಯಲ್ಲಿ ಕೇಳತೊಡಗಿತು. ನಿಲ್ಲಿಸುವ ಧೈರ್ಯವಿಲ್ಲ, ಏರುವ ಶಕ್ತಿಯಿಲ್ಲ. ಮುಂದಿನ ಸಾಲುಗಳಲ್ಲಿ ಕೂತವರು ಮೊಬೈಲ್ ಎತ್ತಿ ಹಿಡಿದಿದ್ದರು. ಕೊಳಲು ಮೇಲಿನ ಸ್ವರಕ್ಕೆ ಕರೆಯಿತು. ನಾನು ಉಸಿರೆಳೆದುಕೊಂಡೆ.

ಗಿಟಾರ್ ನಿಂತುಹೋಯಿತು.

ಮೇಷ್ಟ್ರು ಅಂಗೈಯನ್ನು ತಂತಿಗಳ ಮೇಲೆ ಅಡ್ಡ ಇಟ್ಟುಬಿಟ್ಟಿದ್ದರು. ಅದರ ಹಿಂದೆಯೇ ಢೋಲು ನಿಂತಿತು. ಕೊಳಲು ಒಂಟಿಯಾಗಿ ಸ್ವಲ್ಪ ದೂರ ಹೋಗಿ ಅದೂ ನಿಂತಿತು. ಸಭಾಂಗಣದಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿತು. ಯಜಮಾನರು ಹಲ್ಲು ಕಚ್ಚಿ, "ಏನ್ರೀ ಮಾಡ್ತಿದ್ದೀರಿ, ನುಡಿಸ್ರೀ" ಎಂದರು. ಮೇಷ್ಟ್ರು ಅವರ ಕಡೆ ತಿರುಗಲೇ ಇಲ್ಲ. ಜೇಬಿನಿಂದ ಕ್ಯಾಪೊ ತೆಗೆದು ಎರಡನೇ ಮನೆಗೆ ಕಚ್ಚಿಸಿದರು. ಆ 'ಟಕ್' ಸದ್ದು ಮೈಕಿನಲ್ಲಿ ದೊಡ್ಡದಾಗಿ ಕೇಳಿಸಿತು. ಆಮೇಲೆ ಸಭೆಗೆ ಕೈಮುಗಿದು, "ತಪ್ಪು ನನ್ನದು. ಶ್ರುತಿ ಸರಿ ಮಾಡ್ಕೊಂಡೆ. ಮೊದಲಿಂದ ಹಾಡ್ತಾರೆ" ಎಂದರು.

ಮೂರನೇ ಶ್ರುತಿಯಲ್ಲಿ ತಂತಿ ಮೀಟಿದರು. ನಾನು ಹಾಡಿದೆ. ಜತೆಗೆ ಕೊಳಲಿರಲಿಲ್ಲ, ಯಜಮಾನರು ಅದನ್ನು ಎದೆಗೆ ಒತ್ತಿಕೊಂಡು ಕಲ್ಲಿನಂತೆ ನಿಂತಿದ್ದರು. ಎರಡನೇ ಚರಣದ ತುದಿ ಬಂತು, ಮುಟ್ಟಿದೆ, ಇಳಿದೆ. ನೋವಿರಲಿಲ್ಲ. ಚಪ್ಪಾಳೆ ಬಂತು, ಮರ್ಯಾದೆಗೆ ತಟ್ಟಿದಷ್ಟು. ಪ್ರವಾಸ ನಮಗೆ ಸಿಗಲಿಲ್ಲ.

ಒಳಗೆ ಬಂದ ಮೇಲೆ ಯಜಮಾನರು ಕೂಗಾಡಲಿಲ್ಲ. ತಣ್ಣಗೆ, "ನಾಳೆಯಿಂದ ತಾಲೀಮಿಗೆ ಬರಬೇಡಿ" ಎಂದರು. ಮೇಷ್ಟ್ರು ಗಿಟಾರನ್ನು ಚೀಲಕ್ಕೆ ತುಂಬುತ್ತಾ, "ಆಗಲಿ ಬುಡಿ ಸ್ವಾಮಿ" ಎಂದರಷ್ಟೆ. ಆ ತಂಡ ಕಟ್ಟಿದ ದಿನದಿಂದ ಅದರಲ್ಲಿದ್ದವರು ಅವರು.

ಮಾರನೇ ದಿನ ನಾನು ನಜರ್‌ಬಾದಿಗೆ ಹೋದೆ. ನನ್ನೊಳಗೆ ಕೃತಜ್ಞತೆಗಿಂತ ಸಿಟ್ಟೇ ಹೆಚ್ಚಿತ್ತು. ಅಷ್ಟು ಜನರ ಮುಂದೆ ನನ್ನನ್ನು ಬಾಯಿ ತೆರೆದ ಹಾಗೇ ನಿಲ್ಲಿಸಿಬಿಟ್ಟರಲ್ಲ ಎಂಬ ಸಂಕಟ. ಮೇಷ್ಟ್ರು ಮನೆಯಲ್ಲಿರಲಿಲ್ಲ. ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ನನ್ನ ದೂರನ್ನೆಲ್ಲ ಕೇಳಿಸಿಕೊಂಡು, ಆ ಒಡೆದ ದನಿಯಲ್ಲಿ ಹೇಳಿದರು:

"ನಾನೂ ಹಾಡ್ತಿದ್ದೆ ಕಣಮ್ಮ. ತವರಲ್ಲಿ, ಹಿನಕಲ್ಲಿನಲ್ಲಿ, ನಮ್ಮ ಸೋದರತ್ತೆ ಸೋಬಾನೆ ಹೇಳೋರು, ಅವರ ಜತೆ. ಮದುವೆಯಾದ ಮೇಲೆ ಇವರ ಗಿಟಾರಿಗೆ. ಬೆರಳು ಹೋಯ್ತಲ್ಲ, ಆಮೇಲೆ ಇವರ ಕೈಗೆ ಒಂದೇ ಶ್ರುತಿ ಸಿಕ್ತಿದ್ದಿದ್ದು, ನೀನು ನಿನ್ನೆ ಹಾಡೋಕೋದೆಯಲ್ಲ, ಅದೇ. ಈ ಕ್ಲಿಪ್ಪು ಗಿಪ್ಪು ಆಗ ಇವರಿಗೆ ಗೊತ್ತಿರಲಿಲ್ಲ. ಗಿಟಾರ್ ಬಿಟ್ಟರೆ ಮನುಷ್ಯ ಉಳಿಯಲ್ಲ ಅನ್ನಂಗಿದ್ರು. ಅವರ ಬೆರಳಿಗೆ ನನ್ನ ಗಂಟಲು ಹೊಂದಿಸ್ಕೊಂಡೆ. ಒಂದು ಮದುವೆ ಮನೇಲಿ, ಮೇಲೆ ಹೋದಾಗ, ಒಳಗೆ ಏನೋ ಕಿತ್ತಂಗಾಯ್ತು. ಅಷ್ಟೆ. ಮತ್ತೆ ಬರಲೇ ಇಲ್ಲ."

ಅಕ್ಕ ಒಂದು ಕಾಯಿ ಮುರಿದು ನಾರೆಳೆದರು.

"ತನ್ನಿಂದಲೇ ಹೋಯ್ತು ಅಂತ ಇವತ್ತಿಗೂ ಕೊರಗ್ತಾರೆ. ಗಂಟಲು ನೋಯ್ತದೆ ಅಂತ ನಾನೂ ಬಾಯ್ಬಿಟ್ಟು ಹೇಳಲಿಲ್ಲವಲ್ಲ. ನೀನೂ ನಿನ್ನೆ ಹೇಳಲಿಲ್ಲವಂತೆ."

ಮೇಷ್ಟ್ರು ಸಂಜೆ ಬಂದರು. ನಾನು ಏನು ಕೇಳಿದೆನೆಂದು ಅವರಿಗೆ ನನ್ನ ಮುಖದಲ್ಲೇ ತಿಳಿದಿರಬೇಕು. ಕೂತು, ಮೋಟು ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಅವರು ಹಾಗೆ ಅದನ್ನು ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಿನ್ನೆ ನಿನ್ನ ಮಾನ ಕಳೆದೆ. ಕ್ಷಮಿಸ್ಬುಡಮ್ಮ," ಎಂದರು. "ಆದ್ರೆ ಇನ್ನೊಂದ್ಸಲ ಅಂಗೇ ಆದ್ರೂ ಅಂಗೇ ಮಾಡ್ತೀನಿ."

ನಾನೂ ಆ ತಂಡಕ್ಕೆ ಮತ್ತೆ ಹೋಗಲಿಲ್ಲ. ಮೇಷ್ಟ್ರ ಗಿಟಾರಿಗೆ ಶಾಲೆಗಳಲ್ಲಿ, ಸಣ್ಣಪುಟ್ಟ ಸಭೆಗಳಲ್ಲಿ ಹಾಡಿಕೊಂಡೆ. ಅವರ ಪಾಠಕ್ಕೆ ಹೊಸಬರು ಬರುತ್ತಲೇ ಇದ್ದರು. ಮೊಬೈಲಿನಲ್ಲಿ ಕೇಳಿದ ಹಾಡನ್ನು ಅದೇ ಶ್ರುತಿಯಲ್ಲೇ ಹಾಡಬೇಕೆಂದು ಹಟ ಹಿಡಿದವರನ್ನು ಮೇಷ್ಟ್ರು ಗದರಿಸುತ್ತಿರಲಿಲ್ಲ. "ಅವರ ಅಂಗಿ ಅವರಿಗೆ. ನಿನ್ನ ಅಳತೆ ತೆಗೀತೀನಿ, ನಿಂತ್ಕೊ" ಎನ್ನುತ್ತಿದ್ದರು.

ಹೋದ ವರ್ಷ ಶ್ರಾವಣದಲ್ಲಿ, ಪಾಠ ಮುಗಿಸಿ ಎದ್ದ ಮೇಷ್ಟ್ರು ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಹಿನಕಲ್ಲಿನ ನೆಂಟರು ಬಂದು ತುಂಬಿದರು. ತಂಡದ ಯಜಮಾನರೂ ಬಂದರು. ಪಾದದ ಹತ್ತಿರ ಬಹಳ ಹೊತ್ತು ನಿಂತು, ಹೋಗಿ ಮೂಲೆಯಲ್ಲಿ ಕೂತರು. ದೇಹ ಎತ್ತುವ ಮೊದಲು ಅಕ್ಕ ನನ್ನನ್ನು ಕರೆದು, ಸೋದರತ್ತೆಯಿಂದ ತಾನು ಕಲಿತಿದ್ದ, ಮೇಷ್ಟ್ರ ಮೂಲಕ ನನಗೆ ಬಂದಿದ್ದ ಒಂದು ಪದ ಹಾಡಲು ಹೇಳಿದರು.

ಗಿಟಾರಿಲ್ಲದೆ ಶುರು ಮಾಡಿದೆ. ಮೊದಲ ಸಾಲುಗಳು ಸರಿಯಾಗಿಯೇ ಬಂದವು. ಮೇಷ್ಟ್ರ ಕೈ ನೋಡಿದೆ, ಅಳು ಒತ್ತರಿಸಿಕೊಂಡು ಬಂತು. ಅಳುವನ್ನು ಮೀರಿಸಲು ದನಿ ಏರಿಸಿದೆ. ಇನ್ನೂ ಏರಿಸಿದೆ. ಅದು ಎತ್ತ ಹೋಗುತ್ತಿದೆಯೆಂಬ ಅರಿವೂ ನನಗಿರಲಿಲ್ಲ. ಅಕ್ಕ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದರು.

"ಸಾಕು ಕಣಮ್ಮ," ಎಂದರು. "ಅವರಿದ್ದಿದ್ರೆ ಇಷ್ಟೊತ್ತಿಗೆ ನಿಲ್ಲಿಸಿರೋರು."

ನಿಲ್ಲಿಸಿ ಉಸಿರು ತೆಗೆದುಕೊಂಡೆ. ಆಮೇಲೆ ಕೆಳಗಿನ ಶ್ರುತಿಯಲ್ಲಿ ಶುರು ಮಾಡಿ ಪೂರ್ತಿ ಹಾಡಿದೆ.